ಎಲ್‌ಎಲ್‌ಆರ್ ಪ್ರಶ್ನಾವಳಿಯ ಅಂಚಿನಲ್ಲಿ

ಕಿರಿದಾದ ಸೇತುವೆಯ ಹತ್ತಿರ ಬರುತ್ತಿದ್ದೀರಿ. ಎದುರುಗಡೆಯಿಂದ ಇನ್ನೊಂದು ವಾಹನ ಆಗಲೇ ಸೇತುವೆ ಹತ್ತುತ್ತಿದೆ. ವೇಗ ಹೆಚ್ಚಿಸಿ ಬೇಗ ದಾಟಿಬಿಡುತ್ತೀರೋ, ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತೀರೋ, ಅದು ದಾಟುವ ತನಕ ಕಾಯುತ್ತೀರೋ?

ಎಲ್‌ಎಲ್‌ಆರ್‌ಗೆ ಅಂದರೆ ಗಾಡಿ ಕಲಿಯುವವರ ಲೈಸೆನ್ಸಿಗೆ ಓದುವವರ ಕಣ್ಣಿಗೆ ಬಿದ್ದೇ ಬೀಳುವ ಪ್ರಶ್ನೆ ಇದು. ನಮ್ಮ ಬೀದಿಯ ಮೂರನೇ ತರಗತಿ ಹುಡುಗನಿಗೆ ಓದಿ ಹೇಳಿದೆ. "ಕಾಯ್ಬೇಕು" ಅಂದ, ಆಟ ನಿಲ್ಲಿಸದೆ. ಸ್ಟಿಯರಿಂಗ್ ಮುಟ್ಟದ ಮಗುವಿಗೂ ಗೊತ್ತಿರುವ ಉತ್ತರ, ವರ್ಷಗಟ್ಟಲೆ ಗಾಡಿ ಓಡಿಸಿದವರಿಗೆ ಸೇತುವೆಯ ಬಾಯಿಗೆ ಬಂದಾಗ ಯಾಕೆ ನೆನಪಾಗುವುದಿಲ್ಲ? ನಮ್ಮ ಮಲೆನಾಡಿನ ಮೋರಿಗಳ ಮೇಲೆ ಎರಡು ಕಾರು ಮೂತಿಗೆ ಮೂತಿ ಕೊಟ್ಟು ನಿಂತದ್ದನ್ನು, ಹಿಂದೆ ಹೋಗಬೇಕಾದವರು ಯಾರೆಂದು ಚರ್ಚೆ ನಡೆದದ್ದನ್ನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅವರೆಲ್ಲರೂ ಈ ಪರೀಕ್ಷೆ ಪಾಸಾದವರೇ.

*

ಓದುತ್ತಿರುವವರು ಇಬ್ಬರು. ಒಬ್ಬಳು ಅಣ್ಣನ ಮಗಳು, ಹದಿನೆಂಟು ತುಂಬಿದವಳು. ಇನ್ನೊಬ್ಬರು ಅವಳ ಅಮ್ಮ, ನಮ್ಮ ಅತ್ತಿಗೆ. ಇನ್ನು ಯಾರ ಹಿಂದೆಯೂ ಕೂರುವುದಿಲ್ಲ, ನನ್ನ ಗಾಡಿ ನಾನೇ ಓಡಿಸುತ್ತೇನೆ ಎಂದು ಐವತ್ತರ ಹತ್ತಿರದಲ್ಲಿ ತೀರ್ಮಾನ ಮಾಡಿದವರು. ಪ್ರಶ್ನೆ ಓದಿ ಹೇಳುವ ಕೆಲಸ ನನ್ನದು. ಶಿವಮೊಗ್ಗದ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ಪ್ರಶ್ನಾವಳಿ ತೆರೆದುಕೊಳ್ಳುತ್ತದೆ.

ಮಗಳ ಹತ್ತಿರ ಒಂದು ಉಪಾಯವಿದೆ. "ಅತ್ತೆ, ಪ್ರಶ್ನೆ ಓದೋದೇ ಬೇಡ. ಮೂರು ಉತ್ತರದಲ್ಲಿ ಯಾವುದು ನಿಧಾನ, ಯಾವುದು ಉದ್ದ ನೋಡು. ಅದನ್ನ ಒತ್ತಿದ್ರೆ ಸರಿ." ಪರೀಕ್ಷೆ ಮಾಡಿ ನೋಡಿದೆ. ಪ್ರಶ್ನೆಗಳನ್ನು ಕೈಯಿಂದ ಮುಚ್ಚಿ ಉತ್ತರಗಳನ್ನಷ್ಟೇ ಓದಿದೆ. ಹಾರ್ನ್ ಮಾಡಿ ಮುಂದುವರಿಯುವುದು. ನಿಧಾನಿಸಿ, ಹಾರ್ನ್ ಮಾಡಿ ದಾಟುವುದು. ನಿಲ್ಲಿಸಿ, ಕಾದು, ಪಾದಚಾರಿಗಳು ದಾಟಿದ ಮೇಲೆ ಹೊರಡುವುದು. "ಮೂರನೆಯದು" ಅಂದಳು. ಹೀಗೇ ಪುಟ ತಿರುಗಿಸಿದಂತೆಲ್ಲ ಅವಳ ಉತ್ತರ ಬಹುಪಾಲು ಸರಿಯೇ ಇತ್ತು. ನಿಯಮದ ಪ್ರಕಾರ ಪಾಸಾಗಲು ಬೇಕಾದದ್ದು ಶೇಕಡಾ 60. ಪ್ರಶ್ನೆಯನ್ನೇ ನೋಡದ ಹುಡುಗಿ ಆ ಗೆರೆಯನ್ನು ಸಲೀಸಾಗಿ ದಾಟಿದಳು.

ಅತ್ತಿಗೆಗೆ ಈ ಉಪಾಯ ಬೇಡ. ಪ್ರತಿ ಉತ್ತರಕ್ಕೂ "ಯಾಕೆ?" ಅನ್ನುತ್ತಾರೆ. ಪ್ರಶ್ನಾವಳಿಯಲ್ಲಿ ಉತ್ತರದ ಪಕ್ಕ ಕಾರಣ ಕೊಟ್ಟಿಲ್ಲ. ಹಾಗಾಗಿ ಪುಟದ ಅಂಚಿನಲ್ಲಿ ಕಾರಣ ಬರೆಯುವುದೆಂದು ಒಪ್ಪಂದವಾಯಿತು. ಗೊತ್ತಿಲ್ಲದ್ದನ್ನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಕೇಳುವುದು.

*

ಅತ್ತಿಗೆಯ ಮೊದಲ ಯಾಕೆ: ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಬಲಗಡೆ ನಡೆಯಬೇಕು ಅಂತಿದೆ, ಯಾಕೆ? ನಾವು ಚಿಕ್ಕಂದಿನಿಂದ ಎಡಗಡೆ ಹೋಗಿ ಅಂತ ಕೇಳಿಕೊಂಡೇ ಬೆಳೆದವರಲ್ಲವಾ?

ಎಡಕ್ಕೆ ಹೋಗಬೇಕಾದದ್ದು ವಾಹನಗಳು. ನಡೆಯುವವರು ಬಲಕ್ಕಿದ್ದರೆ ಹತ್ತಿರದಲ್ಲಿ ಹಾದುಹೋಗುವ ವಾಹನ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಎಡಕ್ಕಿದ್ದರೆ ಅದೇ ವಾಹನ ಬೆನ್ನ ಹಿಂದಿನಿಂದ ಬರುತ್ತದೆ. ಇಷ್ಟು ಸರಳ. ತೀರ್ಥಹಳ್ಳಿ ರಸ್ತೆಯಲ್ಲಿ ಸಂಜೆ ಹೊತ್ತು ವಾಕಿಂಗ್ ಹೋಗುವವರನ್ನು ನೋಡಿದೆ. ಹೆಚ್ಚಿನವರು ಬರುವ ವಾಹನಗಳಿಗೆ ಬೆನ್ನು ಕೊಟ್ಟು ಎಡಗಡೆಯೇ ನಡೆಯುತ್ತಾರೆ. ನಡೆಯುವವರಿಗೆ ಜೀವ ಉಳಿಸುವ ಈ ಮಾತು ಗಾಡಿ ಓಡಿಸುವವರ ಪರೀಕ್ಷೆಯಲ್ಲಿದೆ. ಗಾಡಿ ಕಲಿಯದೇ ಉಳಿದವರಿಗೆ ಇದನ್ನು ಹೇಳುವವರು ಯಾರು ಎಂದು ನನಗೆ ಅರ್ಥವಾಗಿಲ್ಲ.

*

ಚಿಹ್ನೆಗಳ ಪುಟ. ಮಗಳು ಇಲ್ಲಿ ನಿಧಾನವಾದಳು, ಯಾಕೆಂದರೆ ಅವಳ ಉಪಾಯ ಇಲ್ಲಿ ನಡೆಯುವುದಿಲ್ಲ. ಚಿತ್ರ ಗೊತ್ತಿರಬೇಕು, ಇಲ್ಲವಾದರೆ ಇಲ್ಲ.

ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ಕೆಂಪು ಅಂಚಿನ ವೃತ್ತ ನಿಷೇಧ. ನೀಲಿ ವೃತ್ತ ಮಾಡಲೇಬೇಕಾದದ್ದು. ನೀಲಿ ಚೌಕ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಊಟದ ಜಾಗ. ಇಷ್ಟು ತಿಳಿದ ಮೇಲೂ ಎರಡು ಚಿಹ್ನೆ ಉಳಿಯುತ್ತವೆ. ಸ್ಟಾಪ್ ಬೋರ್ಡಿಗೆ ಎಂಟು ಮೂಲೆ. ದಾರಿ ಬಿಡಿ ಎನ್ನುವ ಬೋರ್ಡು ತಲೆಕೆಳಗಾದ ತ್ರಿಕೋನ. ಬೇರೆ ಯಾವ ಬೋರ್ಡಿಗೂ ಈ ಆಕಾರಗಳಿಲ್ಲ. ಯಾಕೆ ಎಂದು ಮೇಷ್ಟ್ರನ್ನು ಕೇಳಿದಾಗ ಅವರು ಹೇಳಿದ್ದು: "ಮೇಡಂ, ಬೋರ್ಡಿನ ಮುಖ ಕಾಣದಿದ್ದರೂ ಅಂಚು ಕಾಣುತ್ತಲ್ಲ. ಹಿಂದಿನಿಂದ ನೋಡಿದರೂ ಗೊತ್ತಾಗುತ್ತೆ, ಎದುರಿನ ರಸ್ತೆಯವನು ನಿಲ್ಲಬೇಕೋ ನಾನು ನಿಲ್ಲಬೇಕೋ ಅಂತ."

ಆ ವಾರ ಊರ ಹೊರಗೆ ಹೋದಾಗ ಬೋರ್ಡುಗಳನ್ನೇ ನೋಡಿದೆ. ನಮ್ಮ ಕಡೆಯ ಮಳೆಗೆ ಎಷ್ಟೋ ಬೋರ್ಡಿನ ಮೇಲೆ ಪಾಚಿ ಹತ್ತಿದೆ, ಬಣ್ಣ ಹೋಗಿದೆ, ಮೇಲೆ ಯಾರದೋ ಹುಟ್ಟುಹಬ್ಬದ ಪೋಸ್ಟರು ಅಂಟಿದೆ. ಆಕಾರ ಹಾಗೇ ಇದೆ. ಪಾಚಿ ಹಿಡಿದ ತಲೆಕೆಳಗಾದ ತ್ರಿಕೋನವೊಂದನ್ನು ದೂರದಿಂದಲೇ ಗುರುತಿಸಿ ಅತ್ತಿಗೆ "ದಾರಿ ಬಿಡಿ!" ಅಂದರು. ಅಕ್ಷರ ಬಾರದವರಿಗೂ, ಭಾಷೆ ಬಾರದ ಹೊರ ರಾಜ್ಯದ ಲಾರಿ ಡ್ರೈವರಿಗೂ, ಮಂಜಿನಲ್ಲಿ ಬರುವವರಿಗೂ ಒಂದೇ ಥರ ತಲುಪುವಂತೆ ಯಾರೋ ಕೂತು ಯೋಚನೆ ಮಾಡಿದ್ದಾರೆ. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಶಾಲೆ ಬಿಟ್ಟವರಿಗೂ ರಸ್ತೆಯ ಮೇಲೆ ದುಡಿಮೆ ಸಿಗಲಿ ಎಂಬುದು ಅದರ ಉದ್ದೇಶ. ಆಗ ಈ ಚಿತ್ರಗಳ ಮೇಲಿನ ಭಾರ ಇನ್ನೂ ಹೆಚ್ಚಾಯಿತು ಎಂದು ನನಗನಿಸುತ್ತದೆ. ಹಾಗಿರುವಾಗ ಪಾಚಿ ಒರೆಸುವ ಕೆಲಸವನ್ನು ಯಾಕೆ ಯಾರೂ ದೊಡ್ಡದೆಂದು ಎಣಿಸುವುದಿಲ್ಲ?

*

ಹಾರ್ನ್ ಚಿತ್ರಕ್ಕೆ ಕೆಂಪು ವೃತ್ತ, ಅಡ್ಡಗೆರೆ: ಹಾರ್ನ್ ಮಾಡಬಾರದು. ಅದೇ ಹಾರ್ನ್ ನೀಲಿ ವೃತ್ತದಲ್ಲಿ: ಹಾರ್ನ್ ಮಾಡಲೇಬೇಕು. ಎರಡನೆಯದು ಎಲ್ಲಿರುತ್ತದೆ ಎಂದು ಮಗಳು ಕೇಳಿದಳು. ಆಗುಂಬೆ ಘಾಟಿಯನ್ನು ನೆನೆಸಿಕೋ ಅಂದೆ. ಹದಿನಾಲ್ಕು ಹೇರ್‌ಪಿನ್ ತಿರುವು. ತಿರುವಿನಾಚೆ ಏನು ಬರುತ್ತಿದೆ ಎಂಬುದು ಕಣ್ಣಿಗೆ ಕಾಣುವ ಜಾಗವಲ್ಲ. ಅಲ್ಲಿ ಹಾರ್ನ್ ಅಂದರೆ 'ನಾನಿದ್ದೇನೆ' ಅನ್ನುವ ಮಾತು. ಊರೊಳಗೆ ಕೆಂಪು ದೀಪ ಇನ್ನೂ ಹಸಿರಾಗುವ ಮೊದಲೇ ಹಿಂದಿನಿಂದ ಬರುವ ಹಾರ್ನಿಗೆ ಅಂಥ ಯಾವ ಅರ್ಥವೂ ಇಲ್ಲ.

ಘಾಟಿಯದೇ ಇನ್ನೊಂದು ನಿಯಮ: ಇಬ್ಬರಿಗೆ ಸಾಲದ ದಾರಿಯಲ್ಲಿ ಇಳಿಯುವ ವಾಹನ ಪಕ್ಕಕ್ಕೆ ನಿಂತು ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಕಾರಣವನ್ನು ಅತ್ತಿಗೆಯೇ ಹೇಳಿದರು, ನಾನು ಪುಸ್ತಕ ಕೆಳಗಿಡುವ ಮೊದಲೇ. "ಹತ್ತೋನು ಒಂದ್ಸಲ ನಿಂತ ಅಂದ್ರೆ ಮತ್ತೆ ಎಳೀಬೇಕಲ್ಲ. ಹಿಂದೆ ಜಾರಿದ್ರೆ?" ಗಾಡಿ ಓಡಿಸಿ ಗೊತ್ತಿಲ್ಲದ ಅವರಿಗೆ ಇದು ತಿಳಿದದ್ದು ಅಡಿಕೆ ಮೂಟೆ ಹೇರಿದ ಗಾಡಿಗಳನ್ನು ತವರಿನ ದಿಣ್ಣೆಯ ಮೇಲೆ ನೋಡಿ ಬೆಳೆದದ್ದರಿಂದ. ಭಾರ ಹೊತ್ತವರಿಗೆ, ಕಷ್ಟದಲ್ಲಿರುವವರಿಗೆ ಮೊದಲು ದಾರಿ. ಕಾರಣ ಗೊತ್ತಾದ ಮೇಲೆ ಈ ನಿಯಮವನ್ನು ಅವರು ಮತ್ತೆ ಓದಲಿಲ್ಲ. ಓದುವ ಅಗತ್ಯ ಬೀಳಲಿಲ್ಲ.

ಇಳಿಜಾರಿನಲ್ಲಿ ಕಾರು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಜೊತೆಗೆ ರಿವರ್ಸ್ ಗೇರಿನಲ್ಲಿಡಬೇಕು, ಏರಿಗೆ ಮುಖ ಮಾಡಿದ್ದರೆ ಫಸ್ಟ್ ಗೇರಿನಲ್ಲಿ. ಹ್ಯಾಂಡ್‌ಬ್ರೇಕ್ ಸಡಿಲವಾದರೂ ಚಕ್ರ ಉರುಳಬೇಕಾದರೆ ನಿಂತ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಎಂಜಿನ್ ಬಿಗಿಯಾಗಿ ತಡೆಯುತ್ತದೆ. ಅಂಚಿನಲ್ಲಿ ಬರೆದಾಯಿತು.

*

ಸಿಗ್ನಲ್ಲೂ ಇಲ್ಲ, ಪೊಲೀಸರೂ ಇಲ್ಲದ ನಾಲ್ಕು ರಸ್ತೆ ಕೂಡುವ ಜಾಗ. ಯಾರಿಗೆ ದಾರಿ ಬಿಡಬೇಕು? ನಿಮ್ಮ ಬಲಗಡೆಯಿಂದ ಬರುವವರಿಗೆ.

ಇದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಉತ್ತರ. ಬಲಕ್ಕೇ ಯಾಕೆ? ಕಾಗದದ ಮೇಲೆ ರಸ್ತೆ ಬರೆದು, ಬೆಂಕಿಪೊಟ್ಟಣ ಇಟ್ಟು ಓಡಿಸಿ ನೋಡಿದೆವು. ಎಲ್ಲರೂ ಎಡಕ್ಕೆ ಹೋಗುವ ದೇಶದಲ್ಲಿ ಅಡ್ಡರಸ್ತೆಗೆ ಮೂಗು ಚಾಚಿದ ಕೂಡಲೇ ಮೊದಲು ಸಿಗುವುದು ಬಲದಿಂದ ಬರುವವರ ದಾರಿ. ಎಡದಿಂದ ಬರುವವರು ರಸ್ತೆಯ ಆಚೆ ಬದಿಯಲ್ಲಿರುತ್ತಾರೆ. ಸರ್ಕಲ್ಲಿನಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮಲ್ಲಿ ಸರ್ಕಲ್ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಹಾಗಾಗಿ ಒಳಗೆ ಸುತ್ತುತ್ತಿರುವವರು ಯಾವಾಗಲೂ ಒಳಬರುವವರ ಬಲಗಡೆಯೇ ಇರುತ್ತಾರೆ. ಒಳಗಿದ್ದವರಿಗೆ ದಾರಿ ಬಿಟ್ಟರೆ ಅವರು ಹೊರಗೆ ಹೋಗುತ್ತಾರೆ, ಜಾಗ ಖಾಲಿಯಾಗುತ್ತದೆ, ನಾವು ಒಳಗೆ ಹೋಗಬಹುದು. ಹೊರಗಿನವರು ನುಗ್ಗಿದರೆ ಒಳಗಿನವರು ಹೊರಗೆ ಬರಲಾರರು. ನುಗ್ಗಿದವರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಮೇಜಿನ ಮೇಲಿನ ಬೆಂಕಿಪೊಟ್ಟಣಗಳು ಕದಲದಂತೆ ಸಿಕ್ಕಿಕೊಂಡಾಗ ಮಗಳು ಅಂದಳು: "ಅಯ್ಯೋ, ಇದು ನಮ್ಮ ಕಾಲೇಜ್ ಹತ್ರದ ಸರ್ಕಲ್!"

ಅಲ್ಲಿಯ ತನಕ ಅವಳಿಗೆ ಅದು ಜನರ ಒರಟುತನದ ಸಮಸ್ಯೆಯಾಗಿತ್ತು. ಈಗ ಅದಕ್ಕೊಂದು ಲೆಕ್ಕ ಸಿಕ್ಕಿತು. ಒರಟರಲ್ಲದವರೂ ಕಾರಣ ತಿಳಿಯದಿದ್ದರೆ ನುಗ್ಗುತ್ತಾರೆ. ಈ ಪರೀಕ್ಷೆಯ ಬಗ್ಗೆ ನನಗೆ ಗಟ್ಟಿಯಾಗಿ ಹೇಳಬೇಕೆನಿಸುವ ಮಾತು ಇದೊಂದೇ. ಉತ್ತರ ಎಲ್ಲರಿಗೂ ಗೊತ್ತು, ಕಾರಣವನ್ನು ಯಾರಿಗೂ ಹೇಳಿಕೊಟ್ಟಿಲ್ಲ. ಕಾಲು ಬ್ರೇಕಿನ ಮೇಲೆ ಹೋಗಬೇಕಾದ ಗಳಿಗೆಯಲ್ಲಿ ನೆನಪಿಗೆ ಬರುವುದು ಕಾರಣ.

*

ಮೇಷ್ಟ್ರಿಗೆ ಒಂದು ಪ್ರಶ್ನೆ ಕೊಟ್ಟು ಬಂದಿದ್ದೆ: ಮುಂದಿನ ವಾಹನದಿಂದ 'ಸುರಕ್ಷಿತ ಅಂತರ' ಅಂದರೆ ಎಷ್ಟು? ಪ್ರಶ್ನಾವಳಿ ಬರೀ 'ಸುರಕ್ಷಿತ ಅಂತರ' ಅನ್ನುತ್ತದೆ.

ಅವರು ವೇಗದಿಂದ ಶುರು ಮಾಡಿದರು. ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್. 72 ಅಂದರೆ 20 ಮೀಟರ್. ಮುಂದೆ ಏನೋ ಕಂಡು, ಅದು ಅಪಾಯ ಎಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಒಂದೆರಡು ಸೆಕೆಂಡು ಹೋಗಿರುತ್ತದೆ. ಅಷ್ಟು ಹೊತ್ತೂ ಗಾಡಿ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಬ್ರೇಕ್ ಹಿಡಿದ ಮೇಲಿನ ದೂರ ಬೇರೆ. ವೇಗ ಎರಡರಷ್ಟಾದರೆ ಆ ದೂರ ನಾಲ್ಕರಷ್ಟು.

ರಸ್ತೆ ಕಟ್ಟುವ ಎಂಜಿನಿಯರುಗಳಿಗೆ ಇದು ದಿನನಿತ್ಯದ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ, ಗಾಡಿ ನಿಲ್ಲಲು ಚಾಲಕನ ಕಣ್ಣಿಗೆ ಮುಂದೆ ಕಾಣಬೇಕಾದ ರಸ್ತೆಯ ಉದ್ದ 40 ಕಿಲೋಮೀಟರ್ ವೇಗಕ್ಕೆ 45 ಮೀಟರ್, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್. ಚಾಲಕನಿಗೆ ಹೊಳೆಯಲು ಬೇಕಾದ ಸಮಯವೆಂದು ಎರಡೂವರೆ ಸೆಕೆಂಡು ಹಿಡಿದು ಈ ಲೆಕ್ಕ ಹಾಕಿದ್ದಾರೆ. ತಿರುವು ಎಷ್ಟು ಬಾಗಬೇಕು, ದಿಣ್ಣೆ ಎಷ್ಟು ಏರಬೇಕು ಎಂಬುದೆಲ್ಲ ಈ ಅಂಕಿಗಳಿಂದ ತೀರ್ಮಾನವಾಗುತ್ತದೆ. ರಸ್ತೆ ಕಟ್ಟುವವರಿಗೆ ಗೊತ್ತಿರುವ ಈ ಅಂಕಿ ರಸ್ತೆಯಲ್ಲಿ ಓಡಿಸುವವರ ಪರೀಕ್ಷೆಯಲ್ಲಿ ಯಾಕಿಲ್ಲ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅದರಲ್ಲಿ ಹತ್ತಕ್ಕೆ ಏಳರಷ್ಟು ಸಾವುಗಳ ಮುಂದೆ ಬರೆದ ಕಾರಣ ಅತಿವೇಗ. 180 ಮೀಟರ್ ಅಂದರೆ ಎಷ್ಟು ದೂರ ಎಂದು ಒಮ್ಮೆ ನಡೆದು ನೋಡಿದವರು ನೂರರ ವೇಗದಲ್ಲಿ ಬಸ್ಸಿನ ಬಾಲಕ್ಕೆ ಅಂಟಿಕೊಂಡು ಹೋಗುವುದಿಲ್ಲ. ನಾವು ನಡೆದು ನೋಡಿದೆವು. ನಮ್ಮ ಗೇಟಿನಿಂದ ಹೊರಟು ಬೀದಿ ಮುಗಿದು, ಅಡ್ಡರಸ್ತೆ ದಾಟಿ, ಹಾಲಿನ ಬೂತಿನಾಚೆಗೆ ಹೋಗಿ ನಿಂತೆವು.

*

ಕೈ ಸನ್ನೆಗಳು. ಬಲಕ್ಕೆ ತಿರುಗುವುದಾದರೆ ಬಲಗೈ ನೇರ ಚಾಚುವುದು, ಅಂಗೈ ಮುಂದಕ್ಕೆ. ನಿಧಾನಿಸುವುದಾದರೆ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವುದು. ಎಡಕ್ಕೆ ತಿರುಗುವುದಾದರೂ ಬಲಗೈಯೇ: ಚಾಚಿ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಚಾಲಕ ಕೂರುವುದು ಬಲಗಡೆ, ಕಿಟಕಿಯಿಂದ ಹೊರಗೆ ಹೋಗುವುದು ಬಲಗೈ ಮಾತ್ರ; ಅದಕ್ಕೇ ಎಲ್ಲ ಸನ್ನೆಯೂ ಅದರ ಮೇಲೆ ಬಿದ್ದಿದೆ. ಕಾರಿಗೆ ಇದು ಸರಿ.

ಸ್ಕೂಟರಿಗೆ? ಅತ್ತಿಗೆ ಸ್ಟ್ಯಾಂಡ್ ಹಾಕಿದ ಸ್ಕೂಟರಿನ ಮೇಲೆ ಕೂತು ಬಲಗೈ ಚಾಚಿದರು. ಚಾಚಿದ ಕೂಡಲೇ ಆಕ್ಸಿಲರೇಟರ್ ಬಿಟ್ಟುಹೋಯಿತು. ಮುಂದಿನ ಚಕ್ರದ ಬ್ರೇಕೂ ಬಲಗೈಯಲ್ಲೇ ಇದೆ, ಅದೂ ಬಿಟ್ಟುಹೋಯಿತು. ತಿರುಗುವ ಮುನ್ನ ನಿಧಾನವಾಗಬೇಕು ನಿಜ, ಆಕ್ಸಿಲರೇಟರ್ ಬಿಡುವುದು ಒಳ್ಳೆಯದೇ. ಆದರೆ ಬ್ರೇಕ್ ಬೇಕಾಗುವುದೂ ಅದೇ ಗಳಿಗೆಯಲ್ಲಿ. ಇಂಡಿಕೇಟರ್ ಇರುವಾಗ ಸನ್ನೆ ಯಾಕೆ ಎಂದು ಮಗಳು ಕೇಳಿದಳು. ಬಲ್ಬ್ ಹೋದ ದಿನಕ್ಕೆ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಇಂಡಿಕೇಟರ್ ಕಾಣದ ಹೊತ್ತಿಗೆ. ಸೈಕಲ್ಲಿನವರಿಗಂತೂ ಇದು ಬಿಟ್ಟರೆ ಬೇರೆ ಮಾತಿಲ್ಲ. ಎಡಕ್ಕೆ ತಿರುಗುವ ಸನ್ನೆಯನ್ನು ಹಿಂದಿನವರು ಗುರುತಿಸುತ್ತಾರೆಯೇ ಎಂಬುದು ಮಾತ್ರ ನನಗೆ ಅನುಮಾನ. ಮಾಡುವವರೂ ನೋಡುವವರೂ ಮರೆತ ಸನ್ನೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

*

ಪ್ರಶ್ನಾವಳಿಯಲ್ಲಿಲ್ಲದ ಪಾಠವೊಂದು ರಸ್ತೆಯಲ್ಲಿ ನಡೆಯುತ್ತಿದೆ. ಬರೆದಿಡುತ್ತೇನೆ.

ಹೆದ್ದಾರಿಯಲ್ಲಿ ಮುಂದಿನ ಲಾರಿ ಎಡ ಇಂಡಿಕೇಟರ್ ಹಾಕಿದರೆ ಎಷ್ಟೋ ಸಲ ಅವನು ತಿರುಗುತ್ತಿಲ್ಲ, ದಾರಿ ಖಾಲಿ ಇದೆ, ನೀನು ಹಿಂದಿಕ್ಕು ಎನ್ನುತ್ತಿದ್ದಾನೆ. ಎದುರಿನ ಗಾಡಿ ಡಿಪ್ಪರ್ ಹೊಡೆದರೆ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದು ಅರ್ಥ. ಹೊರದೇಶದಲ್ಲಿರುವ ನಮ್ಮ ಸಂಬಂಧಿಕರು ಹೇಳುವ ಪ್ರಕಾರ ಅಲ್ಲಿ ಅದೇ ದೀಪಕ್ಕೆ 'ನೀನು ಹೋಗು' ಎಂಬ ಅರ್ಥವೂ ಇದೆಯಂತೆ. ಸರ್ಕಲ್ಲಿನಲ್ಲಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿದವನು ನೇರ ಹೋಗುತ್ತಾನೆ. ಈ ಕೊನೆಯದು ಅಪಾಯದ್ದು. ಆ ದೀಪ ಇರುವುದು ಗಾಡಿ ಕೆಟ್ಟು ನಿಂತಾಗ ಎಚ್ಚರಿಸಲಿಕ್ಕೆ. ಎಡಬದಿಯಲ್ಲಿರುವವನಿಗೆ ಎಡ ದೀಪ ಮಾತ್ರ ಕಾಣುತ್ತದೆ, ಇವನು ಎಡಕ್ಕೆ ತಿರುಗುತ್ತಾನೆ ಎಂದುಕೊಳ್ಳುತ್ತಾನೆ. ಬಲಬದಿಯವನು ಬಲಕ್ಕೆ ಎಂದುಕೊಳ್ಳುತ್ತಾನೆ. ನೇರ ಹೋಗುವವರು ಯಾವ ದೀಪವನ್ನೂ ಹಾಕಬೇಕಾಗಿಲ್ಲ. ಯಾರು ಯಾರಿಗೆ ಇದನ್ನು ಕಲಿಸಿದರು, ಇಷ್ಟು ಊರುಗಳಿಗೆ ಹೇಗೆ ಹರಡಿತು? ಪರೀಕ್ಷೆಗೆ ಓದಿಸುವ ಪಾಠ ನಿಲ್ಲದೆ, ಯಾರೂ ಓದಿಸದ ಪಾಠ ಇಷ್ಟು ಗಟ್ಟಿಯಾಗಿ ನಿಂತಿದೆಯಲ್ಲ!

*

ಪರೀಕ್ಷೆಯ ವಿಷಯ ಯಾವುದೆಂದು ಹೇಳುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೆಯದು. ಚಿಹ್ನೆ, ಸಿಗ್ನಲ್, ರಸ್ತೆಯ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ಜೊತೆಗಿರಬೇಕಾದ ದಾಖಲೆ. ಕೊನೆಯದು ಸುಲಭ: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್. ಈಗ ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ.

ರೈಲ್ವೆ ಗೇಟಿನದು ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳುವ ಪ್ರಕಾರ ಕಾವಲಿಲ್ಲದ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ಗಾಡಿಯಲ್ಲಿರುವ ಯಾರಾದರೂ ಇಳಿದು ಹಳಿಯ ತನಕ ನಡೆದುಹೋಗಿ ಎರಡೂ ಕಡೆಯಿಂದ ರೈಲು, ಟ್ರಾಲಿ ಬರುತ್ತಿಲ್ಲವೆಂದು ನೋಡಿ, ಮುಂದೆ ನಡೆದು ಗಾಡಿಯನ್ನು ದಾಟಿಸಬೇಕು. ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ರೈಲ್ವೆ ಇಲಾಖೆ ಇಲ್ಲವಾಗಿಸಿತು. ನಮ್ಮ ತಾಳಗುಪ್ಪದ ಲೈನೂ ಬ್ರಾಡ್‌ಗೇಜೇ. ಇಲ್ಲದ ಗೇಟಿನ ಬಗ್ಗೆ ಇನ್ನೂ ಯಾಕೆ ಕೇಳುತ್ತಾರೆ ಎಂದು ಮೊದಲು ನಾನೂ ಯೋಚಿಸಿದೆ. ಈಗ ಈ ಪ್ರಶ್ನೆ ಇರಲಿ ಅನಿಸುತ್ತದೆ. ಎಂಜಿನ್ ಸದ್ದಿನೊಳಗೆ ಕೂತವರಿಗೆ ರೈಲಿನ ಸದ್ದು ಕೇಳದಿರಬಹುದು, ಸೀಟಿನಿಂದ ಹಳಿ ಪೂರ್ತಿ ಕಾಣದಿರಬಹುದು ಎಂದು ಒಪ್ಪಿಕೊಂಡ ನಿಯಮ ಇದು. ಇಳಿ, ನಡೆದು ಹೋಗಿ ನೋಡು ಎನ್ನುತ್ತದೆ. ಮನೆಯ ಕಾಂಪೌಂಡಿನಿಂದ ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಇಳಿದು ಹಿಂದೆ ಮಗುವೊಂದು ಆಡುತ್ತಿಲ್ಲವೆಂದು ನೋಡುವುದಕ್ಕೂ ಇದೇ ಬುದ್ಧಿ ಬೇಕು. ಅತ್ತಿಗೆ ಅಂಚಿನಲ್ಲಿ ಬರೆದದ್ದು: "ಕಾಣದಿದ್ದರೆ ಇಳಿ."

*

ಅಪಘಾತದ ಪ್ರಶ್ನೆ. ಇದನ್ನು ಓದುವಾಗ ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಗಾಡಿ ಮುಟ್ಟುವ ಮುನ್ನವೇ, ನಿನ್ನಿಂದ ಒಬ್ಬರಿಗೆ ಪೆಟ್ಟಾದರೆ ಏನು ಮಾಡುತ್ತೀ ಎಂದು ಕೇಳುವ ಪರೀಕ್ಷೆ ಇದು. ಉತ್ತರ: ಗಾಯಗೊಂಡವರಿಗೆ ಚಿಕಿತ್ಸೆ ಸಿಗಲು ಸಾಧ್ಯವಾದ ಎಲ್ಲವನ್ನೂ ಮಾಡಿ, ಹತ್ತಿರದ ಪೊಲೀಸ್ ಠಾಣೆಗೆ 24 ಗಂಟೆಯೊಳಗೆ ತಿಳಿಸುವುದು.

ಮಗಳಿಗೆ 24 ಗಂಟೆ ಅನ್ನುವುದು ವಿಚಿತ್ರವಾಗಿ ಕಂಡಿತು. ಒಂದು ದಿನ ಪೂರ್ತಿ ಇದೆಯಾ? ಕಾಯ್ದೆಯ 134ನೇ ಸೆಕ್ಷನ್ ತೆಗೆದು ನೋಡಿದೆವು. ಆದಷ್ಟು ಬೇಗ ಎಂದಿದೆ. 24 ಗಂಟೆ ದಾಟಲೇಬಾರದ ಗಡಿ. ಅದೇ ಸೆಕ್ಷನ್ನಿನಲ್ಲಿ ಮೂರು ಸಂಗತಿಗಳು ಸಿಕ್ಕವು, ಮೂರೂ ಪ್ರಶ್ನಾವಳಿಯ ಉತ್ತರದಲ್ಲಿಲ್ಲ. ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು ಎಂಬುದು ಒಂದು. ಆಸ್ಪತ್ರೆಯ ವೈದ್ಯರು ಕಾಗದ ಪತ್ರದ ವ್ಯವಹಾರಕ್ಕೆ ಕಾಯದೆ ತಕ್ಷಣ ಚಿಕಿತ್ಸೆ ಕೊಡಬೇಕು ಎಂಬುದು ಇನ್ನೊಂದು. ಮೂರನೆಯದು ನನ್ನನ್ನು ತಡೆದು ನಿಲ್ಲಿಸಿತು. ಚಾಲಕ ನೆರವಾಗಲೇಬೇಕು, ಆದರೆ ಸೇರಿದ ಗುಂಪಿನ ಸಿಟ್ಟಿನಿಂದ ಅದು ಸಾಧ್ಯವಾಗದಿದ್ದರೆ ಆ ಮಾತು ಬೇರೆ ಎಂದು ಕಾನೂನೇ ಹೇಳುತ್ತದೆ. ಅಂಥ ಸಂದರ್ಭದಲ್ಲಿ ಯಾಕೆ ನೆರವಾಗಲಿಲ್ಲ ಎಂಬುದನ್ನೂ ಠಾಣೆಯಲ್ಲಿ ಹೇಳಬೇಕು. ಬಿದ್ದವರನ್ನು ಎತ್ತುವ ಮೊದಲು ಡ್ರೈವರನ್ನು ಹುಡುಕುವ ಗುಂಪನ್ನು ಕಾನೂನು ಬರೆದವರು ಕಂಡಿದ್ದಾರೆ. ಗುಂಪಿನ ಹೊಡೆತಕ್ಕೆ ಹೆದರಿ ಡ್ರೈವರ್ ಓಡುತ್ತಾನೆ, ಆಸ್ಪತ್ರೆಗೆ ಒಯ್ಯಬಹುದಾಗಿದ್ದ ಗಾಡಿ ಅಲ್ಲೇ ನಿಲ್ಲುತ್ತದೆ, ಪೆಟ್ಟು ತಿಂದವರು ರಸ್ತೆಯಲ್ಲಿ ಉಳಿಯುತ್ತಾರೆ. ಗುಂಪಿನಲ್ಲಿ ನಿಂತವರಲ್ಲೂ ಎಲ್‌ಎಲ್‌ಆರ್ ಪರೀಕ್ಷೆ ಪಾಸಾದವರು ಎಷ್ಟೋ ಜನ ಇರುತ್ತಾರೆ. ಅವರಿಗೆ ಕೇಳಬೇಕಾದ ಪ್ರಶ್ನೆ ಪಟ್ಟಿಯಲ್ಲಿದೆಯೇ?

"ನಾವೇ ಎತ್ತಿಕೊಂಡು ಹೋದ್ರೆ ಕೋರ್ಟು ಕಚೇರಿ ಅಲೀಬೇಕಾಗುತ್ತೆ ಅಂತಾರಲ್ಲ?" ಅತ್ತಿಗೆಯ ಪ್ರಶ್ನೆ. ಈ ಭಯ ಹಳೆಯದು, ಕಾರಣವಿದ್ದು ಬಂದದ್ದು. 2016ರಲ್ಲಿ ಸುಪ್ರೀಂ ಕೋರ್ಟು, ನೆರವಾದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ನಮ್ಮ ರಾಜ್ಯ ಅದೇ ವರ್ಷ ಇದಕ್ಕೆಂದೇ ಪ್ರತ್ಯೇಕ ವಿಧೇಯಕ ತಂದಿತು. 2019ರ ತಿದ್ದುಪಡಿಯಲ್ಲಿ ಕೇಂದ್ರದ ಕಾಯ್ದೆಗೆ 134ಎ ಸೇರಿತು: ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅಪಘಾತವಾದ ಮೊದಲ ಒಂದು ಗಂಟೆ ಎಷ್ಟು ಮುಖ್ಯ ಎಂಬುದನ್ನೂ ಆ ಕಾಯ್ದೆ ಹೆಸರಿಟ್ಟು ಗುರುತಿಸಿದೆ. 108ಕ್ಕೆ ಫೋನ್ ಮಾಡಬೇಕು, ರಕ್ತ ಸೋರುವ ಜಾಗವನ್ನು ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಕತ್ತು ಬೆನ್ನಿಗೆ ಪೆಟ್ಟು ಬಿದ್ದಿದೆ ಅನಿಸಿದರೆ ಸುಮ್ಮಸುಮ್ಮನೆ ಎಳೆದಾಡಬಾರದು. ಇದನ್ನು ಲೈಸೆನ್ಸ್ ಕೇಳಿ ಬಂದ ಪ್ರತಿಯೊಬ್ಬರಿಗೂ ಕೈಯಾರೆ ಮಾಡಿಸಿ ಕಲಿಸಬೇಕು, ಆಮೇಲೆ ಪರೀಕ್ಷೆ ಮಾಡಬೇಕು. ನನ್ನ ಕೈಯಲ್ಲಿದ್ದರೆ ಮೊದಲು ಬದಲಿಸುವುದು ಇದನ್ನೇ.

*

ಮಗಳು ಆಧಾರ್ ಮೂಲಕ ಮನೆಯಲ್ಲೇ ಪರೀಕ್ಷೆ ಬರೆದಳು. ಮೊದಲು ರಸ್ತೆ ಸುರಕ್ಷತೆಯ ವೀಡಿಯೊ ನೋಡಬೇಕು, ಆಮೇಲೆ ಕ್ಯಾಮೆರಾದ ಮುಂದೆ ಕೂತು ಉತ್ತರ ಒತ್ತಬೇಕು. ಅತ್ತಿಗೆ ಆರ್‌ಟಿಒ ಕಚೇರಿಗೇ ಹೋಗಿ ಬರೆಯುತ್ತೇನೆ ಅಂದರು, ಹೋದರು. ಇಬ್ಬರೂ ಪಾಸು. ಅತ್ತಿಗೆ ಹೊರಗೆ ಬಂದು ಮೊದಲು ಹೇಳಿದ್ದು ಬಲಗಡೆಯವರಿಗೆ ದಾರಿ ಬಿಡುವ ಪ್ರಶ್ನೆ ಬಂದಿತ್ತು ಎಂದು.

*

ಎಲ್‌ಎಲ್‌ಆರ್‌ಗೆ ಆರು ತಿಂಗಳ ಆಯುಸ್ಸು. ಸಿಕ್ಕಿದ 30 ದಿನಗಳ ನಂತರವೇ ಡಿಎಲ್ ಪರೀಕ್ಷೆ, ಬ್ರೇಕ್ ಇನ್‌ಸ್ಪೆಕ್ಟರ ಎದುರು. ಅಲ್ಲಿಯ ತನಕ ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ಎಲ್ ಅಕ್ಷರವಿರಬೇಕು. ಅದಕ್ಕೂ ಅಳತೆಯಿದೆ: ಫಲಕ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ, ಬುಡದಲ್ಲಿ 9 ಅಗಲ, 2 ದಪ್ಪ. ಸ್ಕೂಟರಿನ ಮುಂಭಾಗದಲ್ಲಿ ಅಷ್ಟು ಸಪಾಟಾದ ಜಾಗವೇ ಇಲ್ಲ. ರಟ್ಟು ಕತ್ತರಿಸಿ, ಅಳೆದು ಬರೆದು, ದಾರ ಕಟ್ಟಿ ಕೂರಿಸಿದೆವು. ಹಿಂದಿನವರಿಗೆ ದೂರದಿಂದ ಓದಲು ಬಂದರೆ ತಾನೇ ಅವರು ಅಂತರ ಬಿಡುವುದು?

ಇದೇ ನಿಯಮದ ಇನ್ನೊಂದು ಮಾತು ನನಗೆ ಇನ್ನೂ ಬಿಡಿಸಲಾಗಿಲ್ಲ. ಕಲಿಯುವವರ ಜೊತೆ ಡಿಎಲ್ ಇರುವ ಒಬ್ಬರು ಇರಬೇಕು, ಮತ್ತು ಗಾಡಿಯನ್ನು ಹಿಡಿತಕ್ಕೆ ತರಲು ಅಥವಾ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದೆ. ಸ್ಕೂಟರಿನ ಹಿಂದೆ ಕೂತವರ ಕೈಗೆ ಯಾವ ಬ್ರೇಕ್ ಸಿಗುತ್ತದೆ? ಹೊಸಬರ ಹಿಂದೆ ಇನ್ನೊಬ್ಬರ ಭಾರ ಕೂರಿಸಿದರೆ ಬ್ಯಾಲೆನ್ಸ್ ಹಿಡಿಯುವುದೇ ಕಷ್ಟ. ಮೇಷ್ಟ್ರನ್ನು ಕೇಳಿದೆ. ಅವರು ಸ್ಕೂಟರ್ ಕಲಿಸುವಾಗ ಮೊದಮೊದಲು ಹಿಂದೆ ಕೂರುವುದಿಲ್ಲವಂತೆ. ಎಂಜಿನ್ ಆಫ್ ಮಾಡಿಸಿ, ಕಾಲಿನಿಂದ ನೆಲ ತಳ್ಳಿಕೊಂಡು ಹೋಗಲು ಹೇಳಿ, ಪಕ್ಕದಲ್ಲಿ ನಡೆಯುತ್ತಾರೆ. ಬ್ರೇಕ್ ಹಿಡಿಯುವುದು ಬೆರಳಿಗೆ ರೂಢಿಯಾದ ಮೇಲೆ ಎಂಜಿನ್ ಆನ್.

ಊರ ಹೊರಗೆ ಹೊಸದಾಗಿ ಆದ ಲೇಔಟ್ ಒಂದಿದೆ. ರಸ್ತೆ ಹಾಕಿದ್ದಾರೆ, ಮನೆಗಳು ಬಂದಿಲ್ಲ. ಭಾನುವಾರ ಬೆಳಿಗ್ಗೆ ಅತ್ತಿಗೆ ಅಲ್ಲಿ ಶುರು ಮಾಡುವುದು, ಡಿಎಲ್ ಇರುವ ಅಣ್ಣ ಪಕ್ಕದಲ್ಲಿ ನಡೆಯುವುದು ಎಂದು ಗೊತ್ತಾಗಿದೆ. ಮಗಳ ಸರದಿ ಅದರ ನಂತರ.